ಹನುಮಪ್ಪನ ದಕ್ಷಿಣ ಬಾಗಿಲು

ಕೊರೊನಾ ಮುಗಿದ ಮರುವರ್ಷ ನಾನು ಅಬಕಾರಿ ಉಪನಿರೀಕ್ಷಕನಾಗಿದ್ದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ಕಡೆ ಒಂದಲ್ಲ ಒಂದು ಕಾಲದಲ್ಲಿ ಕೆಲಸ ಮಾಡಿದ್ದೇನೆ. ಇದು ಯಾವ ಊರಿನಲ್ಲಿ ನಡೆಯಿತೆಂದು ಹೇಳುವುದಿಲ್ಲ. ಹೇಳಿದರೆ ಉಳಿದ ನಾಲ್ಕು ಊರಿನವರು ತಾವು ಬೇರೆ ಎಂದುಕೊಂಡು ನೆಮ್ಮದಿಯಾಗಿ ಕೂರುತ್ತಾರೆ.

ಆ ಊರಿನ ಪೇಟೆಯಲ್ಲಿ ಒಂದು ಹನುಮಪ್ಪನ ಗುಡಿ. ಎರಡು ಬಾಗಿಲು: ಓಣಿಯ ಕಡೆ ಪೂರ್ವದ ದೊಡ್ಡ ಬಾಗಿಲು, ಪೇಟೆ ರಸ್ತೆಯ ಕಡೆ ದಕ್ಷಿಣದ ಸಣ್ಣ ಬಾಗಿಲು. ಜನ ಬಳಸುತ್ತಿದ್ದುದು ಸಣ್ಣದನ್ನೇ. ಬಸ್ಸಿಗೆ ಓಡುವವರು ಸಹ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ಒಮ್ಮೆ ಗಂಟೆ ಬಾರಿಸಿ ಓಡುತ್ತಿದ್ದರು. ಗುಡಿ ಸಮಿತಿಯ ಅಧ್ಯಕ್ಷ ಶೇಖರಪ್ಪ, ಮೆಕ್ಕೆಜೋಳದ ದಲಾಲಿ. ಪ್ರತಿ ಶನಿವಾರ ಪೂಜೆಯಾದ ಮೇಲೆ ಮೈಕು ಹಿಡಿದು ಕುಡಿತದಿಂದ ಹಾಳಾದ ಸಂಸಾರಗಳ ಬಗ್ಗೆ ಮಾತನಾಡುತ್ತಿದ್ದ. ಕೇಳುತ್ತಾ ಹೆಂಗಸರು ಕಣ್ಣು ಒರೆಸಿಕೊಳ್ಳುತ್ತಿದ್ದರು. ಪ್ರಸಾದದ ಸಕ್ಕರೆ ಊರಿನ ವೈನ್ ಶಾಪಿನವನ ಸೇವೆ.

ದಕ್ಷಿಣ ಬಾಗಿಲಿನಿಂದ ತುಸು ಮುಂದೆ, ಖಾಲಿ ಬಿದ್ದ ಗೋದಾಮೊಂದರ ಎದುರು, ಹುಲಿಗೆವ್ವ ಎಗ್ ರೈಸ್ ಗಾಡಿ ನಿಲ್ಲಿಸುತ್ತಿದ್ದಳು. ಬೀದಿಬದಿ ವ್ಯಾಪಾರಿಯೆಂದು ಪುರಸಭೆ ಕೊಟ್ಟ ಗುರುತಿನ ಚೀಟಿ ಅವಳ ಬಳಿ ಇತ್ತು. ಗಂಡ ತೀರಿಕೊಂಡಿದ್ದ. ಮಗಳು ದಾವಣಗೆರೆಯಲ್ಲಿ ನರ್ಸಿಂಗ್ ಓದುತ್ತಿದ್ದಳು. ಆ ಓದು ನಡೆಯುತ್ತಿದ್ದುದು ಆ ಒಂದು ಬಾಣಲೆಯಿಂದ.

ಗಾಡಿಯ ಬಳಿ ಕುಡುಕರು ಸೇರುತ್ತಾರೆ, ಗುಡಿಯ ಪಾವಿತ್ರ್ಯ ಕೆಡುತ್ತಿದೆ ಎಂದು ಸಮಿತಿಯಿಂದ ನಮ್ಮ ಕಚೇರಿಗೆ ಅರ್ಜಿ ಬಂತು. ಸಂಜೆ ಏಳರ ಸುಮಾರಿಗೆ ಹೋದೆವು. ಇಬ್ಬರು ವಿಸ್ಕಿಯ ಪಾಕೀಟು ಕತ್ತರಿಸಿ ಲೋಟಕ್ಕೆ ಸುರಿದುಕೊಳ್ಳುತ್ತಿದ್ದರು. ಸಾರ್ವಜನಿಕ ಜಾಗದಲ್ಲಿ ಕುಡಿಯಲು ಅವಕಾಶ ಕೊಟ್ಟರೆ ಇಲಾಖೆಯ ಭಾಷೆಯಲ್ಲಿ ಅದು ‘ಹದಿನೈದು ಎ’ ಕೇಸು. ತಿಂಗಳಿಗೆ ಇಷ್ಟು ಕೇಸು ತೋರಿಸಬೇಕೆಂದು ನಮಗೂ ಒತ್ತಡ ಇರುತ್ತದೆ.

“ಸಾಹೇಬ್ರ, ಕುಡಿಯೋರನ್ನ ಬಿಟ್ಟು ಬಾಣಲಿ ಹಿಡಿತೀರಲ್ರಿ! ಪಾಕೀಟು ನಾ ಮಾರಿಲ್ಲ, ಅವರ ಕಿಸೆದಾಗ ಬಂದೈತಿ” ಎಂದಳು ಹುಲಿಗೆವ್ವ.

ಶೇಖರಪ್ಪ ಅಲ್ಲೇ ಇದ್ದ. “ಏ ಸುಮ್ಕಿರಬೇ. ದೇವ್ರ ಮುಂದ ತತ್ತಿ ಒಡಿತಿ, ಮ್ಯಾಲೆ ಮಾತು ಬ್ಯಾರೆ” ಎಂದು ಅವಳನ್ನು ಗದರಿಸಿ, ನನ್ನತ್ತ ತಿರುಗಿದ. “ಗುಡಿ ಬಾಗಿಲಿಂದ ಎಷ್ಟು ದೂರ ಐತಿ ಅಂತ ಬರ್ಕಳ್ರಿ ಸರ. ಕೇಸು ಗಟ್ಟಿ ಆಕ್ಕತಿ.”

ಹದಿನೈದು ಎ ಕೇಸಿಗೆ ದೂರ ಬೇಕಿಲ್ಲ. ಆದರೂ ಜೀಪಿನಿಂದ ಟೇಪು ತರಿಸಿದೆ. ಅಳೆಯುವುದೆಂದರೆ ನನಗೆ ಆಗ ಒಂದು ಠೀವಿ. ಮಹಜರಿನಲ್ಲಿ, ಅಂದರೆ ಸ್ಥಳದಲ್ಲೇ ಸಾಕ್ಷಿಗಳ ಮುಂದೆ ಬರೆಯುವ ವರದಿಯಲ್ಲಿ, ‘ಭಕ್ತರು ನಿತ್ಯ ಬಳಸುವ ದಕ್ಷಿಣ ದ್ವಾರದಿಂದ ಅರವತ್ತೆರಡು ಮೀಟರ್’ ಎಂದು ಬರೆದೆ. ‘ನಿತ್ಯ ಬಳಸುವ’ ಎಂಬುದು ನನ್ನದೇ ಅಲಂಕಾರ. ಮೊದಲ ಸಾಕ್ಷಿಯಾಗಿ ಶೇಖರಪ್ಪ ಸಹಿ ಮಾಡಿದ.

ಹುಲಿಗೆವ್ವ ಕೋರ್ಟಿನಲ್ಲಿ ದಂಡ ಕಟ್ಟಿದಳು. ಆ ಕೇಸನ್ನೇ ತೋರಿಸಿ ಪುರಸಭೆ ಅವಳ ಜಾಗ ರದ್ದು ಮಾಡಿತು. ಗಾಡಿ ಊರ ಹೊರಗಿನ ಬೈಪಾಸಿಗೆ ಹೋಯಿತು. ಶನಿವಾರ ಗುಡಿಯಲ್ಲಿ ನನಗೆ ಶಾಲು ಹೊದಿಸಿದರು. ನಾನು ಹೊದಿಸಿಕೊಂಡೆ.

ಮೂರು ತಿಂಗಳಾಗಿರಬೇಕು, ಒಂದು ಕಡತ ಬಂತು. ಸಿಎಲ್–9, ಅಂದರೆ ಕೂತು ಕುಡಿಯುವ ಬಾರಿನ ಲೈಸೆನ್ಸು. ತಾಲ್ಲೂಕಿನ ಇನ್ನೊಂದು ಕಡೆಯಿಂದ ಪೇಟೆಗೆ ಸ್ಥಳಾಂತರ. ಜಾಗ: ಅದೇ ಖಾಲಿ ಗೋದಾಮು. ಅರ್ಜಿದಾರ: ಶೇಖರಪ್ಪನ ಹೆಂಡತಿಯ ತಮ್ಮ. ದೇವಸ್ಥಾನದಿಂದ ನೂರು ಮೀಟರಿನೊಳಗೆ ಮದ್ಯದಂಗಡಿ ಇರಬಾರದು. ಬಾರಿನ ಬಾಗಿಲಿನಿಂದ ಗುಡಿಯ ಹತ್ತಿರದ ಬಾಗಿಲಿಗೆ, ಜನ ನಡೆಯುವ ದಾರಿಯಲ್ಲಿ ಅಳೆಯಬೇಕು. ಇದು ನಿಯಮ.

ಅಳೆಯಲು ಹೋದರೆ ದಕ್ಷಿಣ ಬಾಗಿಲೇ ಇಲ್ಲ. ಇಟ್ಟಿಗೆ ಕಟ್ಟಿ ಮುಚ್ಚಿದ್ದರು. ಸಿಮೆಂಟು ಇನ್ನೂ ಹಸಿಯಾಗಿತ್ತು.

“ದಕ್ಷಿಣ ಅಂದ್ರ ಯಮನ ದಿಕ್ಕು ಸರ. ಶಾಸ್ತ್ರಿಗಳು ಹೇಳಿದ್ರು. ಭಕ್ತರಿಗೆ ಕೆಡುಕು ಆಗಬಾರ್ದಲ್ರಿ” ಎಂದ ಶೇಖರಪ್ಪ. ಅಷ್ಟು ವರ್ಷ ಯಮನಿಗೆ ವಿಳಾಸ ಸಿಕ್ಕಿರಲಿಲ್ಲವೆಂದು ಕಾಣುತ್ತದೆ.

ನಾವು ಟೇಪು ಬಿಚ್ಚುವಾಗ ಹೆಂಗಸೊಬ್ಬಳು ರೂಢಿಯಂತೆ ಅತ್ತ ಬಂದು, ಇಟ್ಟಿಗೆ ನೋಡಿ ನಿಂತು, ಆ ಹಸಿ ಗೋಡೆಗೇ ಹಣೆ ಮುಟ್ಟಿಸಿ ಹೋದಳು. ಅವಳ ಹಣೆಗೆ ಸಿಮೆಂಟು ಹತ್ತಿತ್ತು. ನಾವು ಓಣಿ ಸುತ್ತಿ ಪೂರ್ವದ ಬಾಗಿಲಿಗೆ ಅಳೆದೆವು. ನೂರ ಹದಿನೇಳು ಮೀಟರ್.

ಮರುದಿನ ಹುಲಿಗೆವ್ವ ಕಚೇರಿಗೆ ಬಂದಳು. ಆರೋಪಿಗೆ ಕೋರ್ಟಿನಲ್ಲಿ ಕೊಡುವ ಮಹಜರಿನ ಪ್ರತಿ ಅವಳ ಕೈಯಲ್ಲಿತ್ತು.

“ಓದ್ರಿ ಸಾಹೇಬ್ರ. ನಿಮ್ದ ಕೈಬರಹ.”

“ಆಗ ಬಾಗಿಲು ಇತ್ತವ್ವ. ಈಗ ಇಲ್ಲ.”

“ಹನುಮಪ್ಪ ಇದ್ದಲ್ಲೇ ಅದಾನಲ್ರಿ. ತತ್ತಿಗೆ ಹತ್ರ ಇದ್ದಾವ, ಬ್ರಾಂದಿಗೆ ದೂರ ಹೋಗ್ಯಾನೇನು?”

ಗುಮಾಸ್ತ ನಕ್ಕ. ಅವಳು ನಗಲಿಲ್ಲ.

“ಬಾರು ನಿಂದ್ರಸ್ರಿ ಅಂತ ನಾ ಹೇಳಾಕ ಬಂದಿಲ್ರಿ. ಅದು ಅಲ್ಲಿ ಇರಬೌದು ಅಂದ್ರ ನನ್ನ ಗಾಡಿನೂ ಇರಬೌದು. ಬೈಪಾಸಿನಾಗ ಯಾರೂ ಬರವಲ್ರು. ಹಿಂಗ ಆದ್ರ ಮಗಳನ್ನ ಕಾಲೇಜು ಬಿಡಸಬೇಕು. ಈ ಕಾಗದ ಫೈಲಿಗೆ ಹಾಕ್ರಿ, ಅಷ್ಟ ಸಾಕು.”

ಅವಳಲ್ಲಿ ಇದ್ದದ್ದು ಅದೊಂದೇ ಪ್ರತಿ. ಅದು ಕಡತದಲ್ಲಿದ್ದಿದ್ದರೆ, ನಿತ್ಯ ಬಳಸುತ್ತಿದ್ದ ಬಾಗಿಲು ಮೂರೇ ತಿಂಗಳಲ್ಲಿ ಎಲ್ಲಿ ಹೋಯಿತೆಂದು ಜಿಲ್ಲಾ ಕಚೇರಿ ಕೇಳಲೇಬೇಕಿತ್ತು. ಸಾಕ್ಷಿಯ ಸಹಿ ಯಾರದೆಂದೂ ನೋಡಲೇಬೇಕಿತ್ತು. ಅವಳ ಕಾಗದ ತೆಗೆದುಕೊಂಡೆ. ಹಾಕುತ್ತೇನೆ ಎಂದೆ.

ಇಲ್ಲಿಯವರೆಗೆ ಬರೆದದ್ದನ್ನು ಮತ್ತೆ ಓದಿದೆ. ನಾನು ಬಹಳ ಜಾಣನಾಗಿ, ಸ್ವಲ್ಪ ಒಳ್ಳೆಯವನಾಗಿಯೂ ಕಾಣುತ್ತಿದ್ದೇನೆ. ಆದ್ದರಿಂದ ಎಲ್ಲೋ ಸುಳ್ಳಿದೆ. ಯಮನ ವಿಳಾಸದ ಮಾತು ಅಂದು ನನಗೆ ಹೊಳೆದಿರಲಿಲ್ಲ. ಅಂದು ನಾನು ಶೇಖರಪ್ಪನಿಗೆ “ಹೌದ್ರಿ, ವಾಸ್ತು ನೋಡಬೇಕು” ಅಂದಿದ್ದೆ. ನಿವೃತ್ತಿಯ ಸಮಾರಂಭದಲ್ಲಿ ಇದೇ ಕಥೆಯನ್ನು ಬೇರೆ ರೀತಿ ಹೇಳಿದ್ದೆ: ಕಾಗದವನ್ನು ನಾನು ಕಡತಕ್ಕೆ ಸೇರಿಸಿದೆ, ಮೇಲಿನವರು ಕಿತ್ತು ಹಾಕಿದರು ಎಂದು. ಚಪ್ಪಾಳೆ ಬಿತ್ತು. ಆಮೇಲೂ ಅದನ್ನು ಎಷ್ಟು ಸಲ ಹೇಳಿದ್ದೆನೆಂದರೆ, ಕಿತ್ತು ಹಾಕಿದ ಅಧಿಕಾರಿಯ ಮುಖವೂ ನೆನಪಿಗೆ ಬರತೊಡಗಿತ್ತು. ಅಂಥ ಅಧಿಕಾರಿ ಯಾರೂ ಇರಲಿಲ್ಲ.

ಆ ಕಾಗದವನ್ನು, ಕಚೇರಿಗೆ ಬಂದದ್ದನ್ನೆಲ್ಲ ಬರೆದಿಡುವ ಆವಕ ಪುಸ್ತಕದಲ್ಲಿ ನಮೂದಿಸದೆ ನನ್ನ ಚೀಲಕ್ಕೆ ಹಾಕಿಕೊಂಡೆ. ಯಾರೂ ಹೆದರಿಸಲಿಲ್ಲ. ಯಾರೂ ಲಂಚ ಕೊಡಲಿಲ್ಲ. ಅದನ್ನು ಬಹಳ ದಿನ ಪ್ರಾಮಾಣಿಕತೆ ಎಂದುಕೊಂಡಿದ್ದೆ. ಒಂದೇ ಕೈಬರಹದ ಎರಡು ಅಳತೆ ಒಂದೇ ಕಡತದಲ್ಲಿ ಕೂತರೆ ನಗೆಪಾಟಲಾಗುವವನು ನಾನು, ಅಷ್ಟೇ ಕಾರಣ. ವರದಿಯಲ್ಲಿ ‘ದಕ್ಷಿಣಕ್ಕೆ ಬಾಗಿಲು ಇರುವುದಿಲ್ಲ’ ಎಂದು ಬರೆದೆ. ಒಂದಕ್ಷರ ಸುಳ್ಳಿಲ್ಲ.

ಬಾರು ಶುರುವಾಯಿತು. ಗುಡಿಯ ಪೂಜಾರಿಯೇ ಬಂದು ಕಾಯಿ ಒಡೆದ. ಅಲ್ಲಿನ ತಿಂಡಿ ಪಟ್ಟಿಯಲ್ಲಿ ಮೊದಲ ಹೆಸರು ಎಗ್ ಬುರ್ಜಿ. ಶನಿವಾರದ ಭಾಷಣ ನಿಂತಿಲ್ಲ. ಮೈಕು ಒಳ್ಳೆಯದು, ಬಾರಿನೊಳಗೂ ಸ್ಪಷ್ಟವಾಗಿ ಕೇಳುತ್ತದೆ.

ನಿವೃತ್ತನಾದ ಮೇಲೆ ಒಮ್ಮೆ ಆ ಊರಿನ ಬೈಪಾಸಿನಲ್ಲಿ ಬಸ್ಸು ನಿಂತಿತು. ಹುಲಿಗೆವ್ವ ಗುರುತು ಹಿಡಿದಳು. ಪಕ್ಕದಲ್ಲಿ ಮಗಳು ಈರುಳ್ಳಿ ಹೆಚ್ಚುತ್ತಿದ್ದಳು. ಎರಡನೇ ವರ್ಷಕ್ಕೆ ಓದು ಬಿಟ್ಟಳಂತೆ.

“ಆ ಕಾಗದ ಏನಾತ್ರಿ ಸಾಹೇಬ್ರ?”

“ಮೇಲೆ ಕಳಿಸಿದ್ದೆ” ಎಂದೆ. ಆಗಲೂ.

“ಮ್ಯಾಲೆ ಅಂದ್ರ ಯಾರಿಗ್ರಿ, ಹನುಮಪ್ಪಗ?”

ತಿನ್ನುತ್ತಿದ್ದವರೆಲ್ಲ ನಕ್ಕರು. ಮಗಳು ತಲೆ ಎತ್ತಲಿಲ್ಲ. ಅವಳ ಚಾಕುವಿನ ಸದ್ದೂ ನಿಲ್ಲಲಿಲ್ಲ.

ನೌಕರಿ ನನಗೆ ಕಲಿಸಿದ್ದು ಇಷ್ಟು: ಸರ್ಕಾರಿ ಅಳತೆ ಸಿಕ್ಕರೆ ಮೀಟರು ಎಷ್ಟೆಂದು ಕೇಳಬೇಡಿ, ಟೇಪು ಹಿಡಿದವನು ಯಾವ ಬಾಗಿಲಲ್ಲಿ ನಿಂತಿದ್ದನೆಂದು ಕೇಳಿ. ನಾನು ಎರಡೂ ಬಾಗಿಲಲ್ಲಿ ನಿಂತಿದ್ದೆ. ಕಾಗದ ಈಗಲೂ ನನ್ನ ಮನೆಯಲ್ಲಿದೆ, ಆ ಶಾಲಿನ ಕೆಳಗೆ. ನಾಳೆ ಅದನ್ನು ಹುಲಿಗೆವ್ವನಿಗೆ ಕೊಟ್ಟು ಬರುತ್ತೇನೆ ಎಂದು ಈ ಬರಹ ಮುಗಿಸಿದರೆ ಚೆನ್ನಾಗಿರುತ್ತದೆ. ಆ ವಾಕ್ಯವನ್ನು ಎರಡು ಸಲ ಬರೆದು ಹೊಡೆದುಹಾಕಿದ್ದೇನೆ.