ಬೈಯಲು ಮಾತ್ರ ಇಟ್ಟುಕೊಂಡ ಭಾಷೆ

ನನ್ನ ಕೈ ಹಗುರ ಎಂದು ವಿಲೆ ಪಾರ್ಲೆಯಲ್ಲಿ ನನಗೊಂದು ಹೆಸರಿದೆ. ಹದಿನಾರು ವರ್ಷದಿಂದ ಅಲ್ಲಿನ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ. ಸೂಜಿ ಕಂಡರೆ ಗೋಡೆ ನೋಡುವ ಮುದುಕರು, ಕಾಲು ಝಾಡಿಸುವ ಮಕ್ಕಳು, ‘ನಾನು ತಲೆ ತಿರುಗಿ ಬೀಳುವವನು’ ಎಂದು ಮೊದಲೇ ನೋಟೀಸು ಕೊಡುವ ಗಟ್ಟಿಮುಟ್ಟಾದ ಗಂಡಸರು, ಎಲ್ಲರೂ ನನ್ನ ಕುರ್ಚಿಗೇ ಬರಬೇಕು ಎನ್ನುತ್ತಾರೆ. ಅವರಿಗೇನು ಗೊತ್ತು? ಅದೇ ಕೈ ಮನೆಗೆ ಹೋದರೆ ಬಾಗಿಲು ದಡಾರನೆ ಹಾಕುತ್ತಿತ್ತು, ತಟ್ಟೆ ಎತ್ತಿ ಎಸೆಯುತ್ತಿತ್ತು. ಮಗಳನ್ನು ಹೊಡೆದದ್ದು ಎರಡೇ ಸಲ. ‘ಎರಡೇ’ ಎನ್ನುವುದು ನನ್ನ ಮಾತು. ಅವಳನ್ನು ಕೇಳಿದರೆ ಆ ‘ಏ’ ಇರಲಿಕ್ಕಿಲ್ಲ.

ನನ್ನ ಅಪ್ಪ ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಮುಂಬೈಗೆ ಬಂದವನು. ನಾನು ಬೆಳೆದದ್ದು ಆಂಟಾಪ್ ಹಿಲ್‌ನ ಚಾಳಿನಲ್ಲಿ. ಗಂಡ ಉಡುಪಿಯ ಕಡೆಯವರು, ಬಾಂದ್ರಾದ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಇಬ್ಬರೂ ಕನ್ನಡದವರು ಎಂದು ಜನ ಖುಷಿಪಟ್ಟರು. ಆದರೆ ನನ್ನ ಕನ್ನಡ ಕೇಳಿದರೆ ಅವರಿಗೆ ನಗು, ಅವರ ಕನ್ನಡ ಕೇಳಿದರೆ ನನಗೆ ನಗು. ಮದುವೆಯಾದ ಹೊಸತರಲ್ಲಿ ನಕ್ಕು ನಕ್ಕು ಸಾಕಾಗಿ ಕೊನೆಗೆ ಹಿಂದಿಗೆ ಬಂದು ನಿಂತೆವು. ಮಗಳು ಹುಟ್ಟಿದ್ದೂ ಆ ಹಿಂದಿಯೊಳಗೇ.

ಅವಳಿಗೆ ಹತ್ತು ವರ್ಷವಾಗಿದ್ದಾಗ ಒಂದು ಬುಧವಾರ ಸಂಜೆ ಊಟಕ್ಕೆ ಕೂತಿದ್ದೆವು. ಅವಳು ಎಡಗೈಯಲ್ಲಿ ಚಪಾತಿ ಮುರಿಯುತ್ತಿದ್ದಳು. ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. “ಎಡಗೈಲೆ ಉಣ್ತಿಯೇನ? ನಿನ್ನ ಹೆಣಾ ಎತ್ಲಿ, ಯಾರ ಕಲಿಸ್ಯಾರ ಇದನ್ನ?” ಎಂದು ಕೂಗಿದೆ. ಅವಳು ಗಡಬಡಿಸಿ ಬಲಗೈ ಮುಂದೆ ತಂದಳು. ಚಪಾತಿಯ ತುಂಡು ಬೆರಳಿನಲ್ಲಿ ನಿಲ್ಲದೆ ಬಿದ್ದುಬಿಟ್ಟಿತು. ತೋಳು ಸರಿಸಿ ನೋಡಿದರೆ ಮಣಿಕಟ್ಟು ಊದಿಕೊಂಡಿತ್ತು. ಸೋಮವಾರ ಶಾಲೆಯ ಮೆಟ್ಟಿಲಲ್ಲಿ ಬಿದ್ದಿದ್ದಳಂತೆ. ಎರಡು ದಿನ ಉದ್ದ ತೋಳಿನ ಅಂಗಿ ಹಾಕಿಕೊಂಡು ಮುಚ್ಚಿಟ್ಟಿದ್ದಳು.

ಎಕ್ಸ್‌ರೇ ತೆಗೆಸಿದಾಗ ಎಲುಬಿನಲ್ಲಿ ಸಣ್ಣ ಬಿರುಕು ಕಂಡಿತು. “ಯಾಕೆ ಹೇಳಲಿಲ್ಲ ಮರಿ?” ಎಂದು ಡಾಕ್ಟರು ಕೇಳಿದರು. ಅವಳು ನನ್ನ ಮುಖ ನೋಡಿ, “ಮಮ್ಮಿ ಥಕ್ ಕೇ ಆತೀ ಹೈ ನಾ” ಎಂದಳು. ಮಮ್ಮಿ ದಣಿದು ಬರುತ್ತಾಳಲ್ಲ, ಅದಕ್ಕೆ. ಹತ್ತು ವರ್ಷದ ಕೂಸು ಡಾಕ್ಟರ ಮುಂದೆ ನನ್ನ ಮಾನ ಕಾಯುತ್ತಿತ್ತು. ದಿನಕ್ಕೆ ಐವತ್ತು ಜನರ ತೋಳು ಹಿಡಿದು ನೋಡುವವಳಿಗೆ ತನ್ನ ಮಗಳ ತೋಳು ಕಂಡಿರಲಿಲ್ಲ. ಆಸ್ಪತ್ರೆಯ ಪಾಯಖಾನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಗಂಡ ಬೈಯಲಿಲ್ಲ. ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. “ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರ್ತದಾ ಮಾರಾಯ್ತಿ? ಯಾರಿಗಾದ್ರೂ ತೋರಿಸುವ” ಎಂದರು, ಅಷ್ಟೇ.

ಮೊದಲು ತೋರಿಸಿದ್ದು ನನ್ನ ಅವ್ವನಿಗೇ. ಅವಳು ಉಪ್ಪು ಮೆಣಸಿನಕಾಯಿ ಹಿಡಿದು ನನಗೆ ದೃಷ್ಟಿ ತೆಗೆದಳು. ಆಮೇಲೆ, “ನಮ್ಮ ಮನಿತನದಾಗ ಸಿಟ್ಟಿಲ್ಲದ ಹೆಣ್ಣಮಗಳು ಯಾರದಾಳ ತೋರ್ಸು. ನಾ ನಿನಗ ಕಡಿಮಿ ಬೈದೇನಿ? ನೀ ಚೊಲೋ ಆಗಿಲ್ಲೇನ?” ಎಂದು ಕೇಳಿದಳು. ಚೊಲೋ ಆಗಿದ್ದೇನೆಯೇ ಎಂಬುದೇ ನನ್ನ ಪ್ರಶ್ನೆಯಾಗಿತ್ತು.

ಲ್ಯಾಬಿನ ಡಾಕ್ಟರು ಬಾಂದ್ರಾದ ಒಬ್ಬ ಥೆರಪಿಸ್ಟ್ ನಂಬರು ಕೊಟ್ಟರು. ಮೆತ್ತನೆಯ ಸೋಫಾ, ಮೆತ್ತನೆಯ ದನಿ, ಮೆತ್ತನೆಯ ಇಂಗ್ಲಿಷು. ಸಿಟ್ಟು ಮೈಯಲ್ಲಿ ಎಲ್ಲಿ ಹುಟ್ಟುತ್ತದೆ ಎಂದು ಆಕೆ ಕೇಳಿದರೆ ನಾನು ಪರೀಕ್ಷೆಯಲ್ಲಿ ಕೂತವಳ ಹಾಗೆ ಸರಿ ಉತ್ತರ ಹುಡುಕಿದೆ. ಅಲ್ಲಿ ನಾನು ಎಷ್ಟು ಒಳ್ಳೆಯ ಹೆಂಗಸಾಗಿದ್ದೆ ಎಂದರೆ, ಇವಳಿಗೆ ಸಿಟ್ಟು ಬರುತ್ತದೆ ಎಂದು ಆಕೆ ನಂಬಿದ್ದೇ ಅನುಮಾನ. ಕೆಲವರ ಕೈಯಲ್ಲಿ ನರ ಸಿಗುವುದಿಲ್ಲ, ಸೂಜಿ ಹತ್ತಿರ ಬಂದರೆ ಸರಿದುಕೊಳ್ಳುತ್ತದೆ. ನನ್ನದೂ ಹಾಗೇ ಆಯಿತು. ಮೂರು ಸಲ ಹೋಗಿ ಬಿಟ್ಟೆ.

ಎರಡನೆಯ ಥೆರಪಿಸ್ಟ್ ಫೋನಿನ ಪರದೆಯಲ್ಲಿ ಬರುತ್ತಿದ್ದ ಹುಡುಗಪ್ರಾಯದವನು. ಸಿಟ್ಟು ಬಂದಾಗ ಒಂದರಿಂದ ಹತ್ತರವರೆಗೆ ಎಣಿಸಿ ಎಂದ. ಮನಸ್ಸಿನಲ್ಲಿ ಎಣಿಸಬೇಕು ಎಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಮಗಳ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತು, ಹಲ್ಲು ಕಚ್ಚಿ, “ಒಂದು... ಎರಡು... ಮೂರು...” ಎಂದು ಎಣಿಸತೊಡಗಿದೆ. ಹತ್ತಕ್ಕೆ ಏನು ಕಾದಿದೆಯೋ ಎಂದು ಹೆದರಿ ಅವಳು ಏಳಕ್ಕೆಲ್ಲ ಪುಸ್ತಕ ಜೋಡಿಸಿ, ಹಾಸಿಗೆ ಮಡಚಿ, ಬೂಟು ಗೂಡಿನಲ್ಲಿಟ್ಟು ನಿಂತಿರುತ್ತಿದ್ದಳು. ಚಿಕಿತ್ಸೆ ಫಲಿಸಿತು ಎಂದು ನಾನು ಒಂದು ವಾರ ಹಿಗ್ಗಿದೆ. ನಾನು ಚಪಾತಿ ಎಣಿಸಿದರೂ ಅವಳು ಪೆನ್ಸಿಲ್ ಬಿಟ್ಟು ಎದ್ದು ನಿಲ್ಲುವುದನ್ನು ಗಂಡ ತೋರಿಸಿದ ದಿನ ಅದನ್ನೂ ನಿಲ್ಲಿಸಿದೆ.

ಮೂರನೆಯವರ ಸುಳಿವು ಸಿಕ್ಕಿದ್ದು ನನ್ನ ಕುರ್ಚಿಯಲ್ಲೇ. ಒಬ್ಬ ಹಿರಿಯರು ರಕ್ತ ಕೊಡಲು ಬಂದಿದ್ದರು. ಸೂಟು ಬೂಟು, ಗತ್ತಿನ ಇಂಗ್ಲಿಷು. ಸೂಜಿ ಚುಚ್ಚಿದ ಕೂಡಲೇ “ಅವ್ವಾ” ಎಂದರು. ನೋವಾದಾಗ ಯಾರೂ ಇಂಗ್ಲಿಷಿನಲ್ಲಿ ಕೂಗುವುದಿಲ್ಲ, ಇದನ್ನು ನಾನು ದಿನಾ ನೋಡುತ್ತೇನೆ. ಅವತ್ತು ಮಾತ್ರ ನನ್ನ ತಲೆಯಲ್ಲಿ ಏನೋ ಹೊಳೆಯಿತು. ನನ್ನ ಸಿಟ್ಟು ಕನ್ನಡದ್ದು, ನಾನು ಅದನ್ನು ಇಂಗ್ಲಿಷಿನವರ ಹತ್ತಿರ ಒಯ್ಯುತ್ತಿದ್ದೇನೆ. ಹತ್ತಿ ಒತ್ತಿ ಹಿಡಿಯುತ್ತಾ, “ಸರ್, ಕನ್ನಡ ಬರೋ ಕೌನ್ಸೆಲರ್ ಯಾರಾದ್ರೂ ಗೊತ್ತದಾರೇನ್ರಿ?” ಎಂದು ನಾಚಿಕೆ ಬಿಟ್ಟು ಕೇಳಿದೆ. ಅವರ ಹೆಂಡತಿಯ ಗೆಳತಿಯೊಬ್ಬರು ಇದ್ದರು. ಧಾರವಾಡದ ಕಡೆಯವರು, ಆಸ್ಪತ್ರೆಯ ಕೆಲಸದಿಂದ ನಿವೃತ್ತರಾಗಿ ಪಾರ್ಲೆಯ ತಮ್ಮ ಮನೆಯಲ್ಲೇ ಜನರನ್ನು ನೋಡುತ್ತಿದ್ದರು.

ಅವರ ಮನೆಯಲ್ಲಿ ಮೆತ್ತನೆಯದು ಏನೂ ಇರಲಿಲ್ಲ. ಎರಡು ಬೆತ್ತದ ಕುರ್ಚಿ. ಎಲ್ಲ ಕೇಳಿದ ಮೇಲೆ, “ಸಿಟ್ಟು ಬಂದಾಗ ಏನಂತೀರಿ? ನನಗ ಅಂದು ತೋರಸ್ರಿ” ಎಂದರು.

“ಛೇ, ನಿಮ್ಮ ಮುಂದ ಹೆಂಗ ಅನ್ಲಿರಿ?”

“ನಾನೂ ಆ ಕಡೆಯಾಕೀನ. ಎಲ್ಲಾ ಕೇಳೇನಿ. ಅನ್ರಿ.”

“ನಿನ್ನ ಹೆಣಾ ಎತ್ಲಿ” ಎಂದೆ. ದನಿ ಏರಿಸದೆ, ಲ್ಯಾಬಿನಲ್ಲಿ ಹೆಸರು ಕೂಗಿದ ಹಾಗೆ. ಆ ತಣ್ಣನೆಯ ಕೋಣೆಯಲ್ಲಿ ಅದು ಸಿಟ್ಟಿಲ್ಲದೆ, ಬರೀ ಅರ್ಥವಾಗಿ ಬಿತ್ತು. ನಾನು ಹೆತ್ತ ಕೂಸಿನ ಹೆಣ. ನನ್ನ ಬಾಯಿಂದ.

ಅವರು ಕೇಳಿದರು: “ನಿಮ್ಮವ್ವನೂ ಹಿಂಗ ಬೈತಿದ್ರು?”

“ದಿನಾ. ನನಗೇನೂ ಅನಸ್ತಿರಲಿಲ್ರಿ.”

“ಬೈದ ಮ್ಯಾಲೆ ಏನಂತಿದ್ರು?”

ಆಗ ನೆನಪಾಯಿತು. ಅವ್ವ ಬೈದ ಬಾಯಲ್ಲೇ ‘ಬಾ ನನ್ನ ಬಂಗಾರ, ಬಾ ನನ್ನ ಕೂಸ, ಉಣ್ಣು ಬಾ’ ಎನ್ನುತ್ತಿದ್ದಳು. ತಲೆಗೆ ಎಣ್ಣೆ ತಿಕ್ಕುವಾಗ, ರೊಟ್ಟಿಗೆ ಬೆಣ್ಣೆ ಸವರುವಾಗ, ಜ್ವರ ಬಂದಾಗ, ಎಲ್ಲದಕ್ಕೂ ಅದೇ ಕನ್ನಡ. ಬೈಗುಳ ಆ ಮುದ್ದಿನ ನಡುವೆ ಎಲ್ಲೋ ಕರಗಿ ಹೋಗುತ್ತಿತ್ತು.

“ನಿಮ್ಮ ಮಗಳಿಗೆ ಕನ್ನಡದಾಗ ಮುದ್ದು ಮಾಡೀರೇನು?”

ನಾನು ನೆನಪಿಸಿಕೊಳ್ಳಲು ನೋಡಿದೆ. ಬೇಟಾ, ಬೇಬಿ, ಸೋನಾ, ಗುಡ್ ಗರ್ಲ್. ಜೋಗುಳ ಹಿಂದಿ, ಮುತ್ತು ಹಿಂದಿ. ಬೈಯಲು ಮಾತ್ರ ಕನ್ನಡ ಇಟ್ಟುಕೊಂಡಿದ್ದೆ. ಲೋಕಲ್ ರೈಲಿನಲ್ಲಿ, ಬಿಲ್ಡಿಂಗಿನ ಲಿಫ್ಟಿನಲ್ಲಿ, ಯಾರಿಗೂ ತಿಳಿಯುವುದಿಲ್ಲ ಎಂಬ ಧೈರ್ಯದಲ್ಲಿ ನಗುಮುಖ ಮಾಡಿಕೊಂಡೇ ಮಗಳನ್ನು ಕನ್ನಡದಲ್ಲಿ ಗದರುತ್ತಿದ್ದೆ. ನಮ್ಮ ಕಡೆಯವರು ಎಷ್ಟೋ ಜನ ಹೀಗೇ ಮಾಡುತ್ತಾರೆ, ಅದೊಂದು ಜಾಣತನ ಎಂದೇ ತಿಳಿದಿದ್ದೆ. ಅವ್ವ ಕೊಟ್ಟದ್ದರಲ್ಲಿ ಅರ್ಧವನ್ನಷ್ಟೇ ಮಗಳಿಗೆ ದಾಟಿಸಿದ್ದೆ, ಅದೂ ಎಂಥ ಅರ್ಧ.

ಮನೆಗೆ ಬಂದು ಮಗಳನ್ನು ಹಿಂದಿಯಲ್ಲೇ ಕೇಳಿದೆ, ನಿನಗೆ ಕನ್ನಡ ಬರುತ್ತದಾ ಎಂದು. “ಥೋಡಾ ಥೋಡಾ,” ಎಂದಳು, “ವೋ ಗುಸ್ಸೇ ವಾಲೀ ಭಾಷಾ ಹೈ ನಾ?” ಸಿಟ್ಟಿನ ಭಾಷೆ ಅಲ್ಲವಾ ಅದು. ಹವಾಮಾನ ಹೇಳಿದಷ್ಟು ಸಹಜವಾಗಿ ಹೇಳಿದಳು.

ಆ ಧಾರವಾಡದ ಅಕ್ಕ ಕೊಟ್ಟ ಮನೆಗೆಲಸ ಸಣ್ಣದು. ದಿನಕ್ಕೆ ಹತ್ತು ನಿಮಿಷ ಮಗಳ ಜೊತೆ ಕನ್ನಡ ಮಾತಾಡಬೇಕು, ಸಿಟ್ಟಿಲ್ಲದೆ. ಸಿಟ್ಟು ಬಂದರೆ ಬಾಲ್ಕನಿಗೆ ಹೋಗಬೇಕು, ಹೋಗುವ ಮುಂಚೆ ‘ಸಿಟ್ಟು ಬಂದೈತಿ, ನಿನ್ನ ತಪ್ಪಲ್ಲ, ಬರ್ತೀನಿ’ ಎಂದು ಹೇಳಿ ಹೋಗಬೇಕು. ಸುಲಭ ಎಂದುಕೊಂಡೆ. ಮೊದಲ ದಿನ, “ಬಾ ಬಂಗಾರ, ತಲಿ ಬಾಚ್ತೀನಿ” ಎಂದೆ. ಅವಳ ಭುಜ ಎರಡೂ ಮೇಲೆದ್ದು ಕಿವಿಗೆ ತಾಗಿದವು. “ಮೈಂನೇ ಕ್ಯಾ ಕಿಯಾ?” ಎಂದಳು. ನಾನೇನು ಮಾಡಿದೆ? ಬಾಚಣಿಗೆ ಹಿಡಿದ ನನ್ನ ಕೈ ಅಲ್ಲೇ ನಿಂತಿತು. ಅಷ್ಟು ಸಂಕಟ ನನಗೆ ಎಕ್ಸ್‌ರೇ ನೋಡಿದಾಗಲೂ ಆಗಿರಲಿಲ್ಲ.

ಆದರೂ ಬಿಡಲಿಲ್ಲ. ಹಟ ನಮ್ಮ ಮನೆತನದಲ್ಲಿ ಸಿಟ್ಟಿನಷ್ಟೇ ಧಾರಾಳ. ದಿನಾ ತಲೆ ಬಾಚುತ್ತಾ ಮಾತಾಡಿದೆ. ಚಾಳಿನ ನಲ್ಲಿಯ ಜಗಳ, ನನ್ನ ಅಪ್ಪ ಸಿಮೆಂಟು ಮೆತ್ತಿದ ಕೈಯಲ್ಲಿ ನನಗೆ ತಂದ ಬಟಾಟೆ ವಡೆ, ಮನಸ್ಸಿಗೆ ಬಂದದ್ದೆಲ್ಲ ಹೇಳಿದೆ. ಎರಡು ತಿಂಗಳಿಗೆ ಭುಜ ಕೆಳಗಿಳಿಯಿತು. ಆಮೇಲೆ ಒಂದೊಂದು ಮಾತು ತಿರುಗಿ ಬರತೊಡಗಿತು, ಹಿಂದಿಯ ತಾಳದಲ್ಲಿ. ನನ್ನ ಸಿಟ್ಟೇನೂ ಊರು ಬಿಟ್ಟು ಹೋಗಲಿಲ್ಲ. ಬಾಲ್ಕನಿಯಲ್ಲಿ ನಿಂತು ನಿಂತು ಎದುರು ಬಿಲ್ಡಿಂಗಿನ ಎಲ್ಲರ ಬಟ್ಟೆ ಗುರುತು ಸಿಗುವಷ್ಟಾಯಿತು. ಎರಡು ಸಲ ಆ ಹೆಣದ ಮಾತು ಬಾಯಿಂದ ಜಾರಿತು, ಎರಡೂ ಸಲ ಮಗಳ ಎದುರು ಕೂತು ತಪ್ಪೊಪ್ಪಿಕೊಂಡೆ.

ಹೋದ ವರ್ಷ ಅವಳ ಶಾಲೆಯ ವಾರ್ಷಿಕೋತ್ಸವದಲ್ಲಿ ನಾಟಕವಿತ್ತು. ಅವಳದು ನಾಲ್ಕು ಸಾಲಿನ ಪಾತ್ರ. ಬರುತ್ತೇನೆ ಎಂದು ಕೈಮೇಲೆ ಕೈಯಿಟ್ಟು ಹೇಳಿದ್ದೆ. ಅವತ್ತೇ ಲ್ಯಾಬಿನಲ್ಲಿ ಇಬ್ಬರು ರಜೆ. ನಾನು ರಿಕ್ಷಾದಿಂದ ಇಳಿಯುವಾಗ ಮಕ್ಕಳು ಮುಖದ ಬಣ್ಣದಲ್ಲೇ ಗೇಟಿನಿಂದ ಹೊರಗೆ ಬರುತ್ತಿದ್ದರು. ಅವಳು ಆಗಲೇ ಅಪ್ಪನ ಜೊತೆ ಹೊರಟಾಗಿತ್ತು.

ಮನೆಗೆ ಹೋದಾಗ ಬಾಗಿಲು ತೆಗೆದವಳು ಅವಳೇ. ನಾನು “ಸಾರಿ ಬೇಟಾ” ಎನ್ನುವಷ್ಟರಲ್ಲಿ ನನ್ನ ಎದುರು ನೆಟ್ಟಗೆ ನಿಂತು, ಕಣ್ಣಿಗೆ ಕಣ್ಣಿಟ್ಟು, ತಡವರಿಸುತ್ತಾ ಹೇಳಿದಳು:

“ನೀ ಬರ್ತೀನಿ ಅಂದಿ. ಬರಲಿಲ್ಲ. ನಂಗ ನಿನ್ನ ಮ್ಯಾಲೆ ಸಿಟ್ಟು ಬಂದೈತಿ. ಭಾಳ ಬಂದೈತಿ.”

ಒಳಗೆ ಗಂಡ ಪಾತ್ರೆ ಇಡುವ ಸದ್ದು ನಿಂತಿತು. ಮಗಳ ಕೆನ್ನೆ ಕೆಂಪಾಗಿತ್ತು, ಮುಷ್ಟಿ ಬಿಗಿದಿತ್ತು, ಆದರೆ ಒಂದು ಹೆಜ್ಜೆಯೂ ಹಿಂದೆ ಸರಿದಿರಲಿಲ್ಲ. ಅವಳಿಗೆ ನನ್ನ ಭಯ ಇರಲಿಲ್ಲ. ಜನ್ಮದಲ್ಲಿ ಯಾರ ಸಿಟ್ಟೂ ನನಗೆ ಇಷ್ಟು ಸುಖ ಕೊಟ್ಟಿರಲಿಲ್ಲ. ನಾನು ಚಪ್ಪಲಿಯನ್ನೂ ಬಿಡದೆ ಹೊಸ್ತಿಲ ಮೇಲೆಯೇ ಕೂತೆ.

“ಬರ್ಲೆವ್ವ, ಬರಬೇಕಾದ್ದ ಅದು,” ಎಂದೆ. “ಇನ್ನೂ ಏನೇನೈತಿ, ಎಲ್ಲಾ ಹೇಳು. ನಾ ಕೇಳ್ತೀನಿ.”

ಅವಳು ಹೇಳಿದಳು. ಕನ್ನಡ ಸಾಲದಾದಾಗ ಹಿಂದಿ ಸೇರಿಸಿಕೊಂಡು, ಎರಡೂ ಸಾಲದಾದಾಗ ಅಳುತ್ತಾ, ಆ ದಿನದ್ದಷ್ಟೇ ಅಲ್ಲ, ಇಷ್ಟು ವರ್ಷದ್ದೆಲ್ಲ ಹೇಳಿದಳು. ನಾನು ಕೊನೆಯವರೆಗೂ ಕೂತು ಕೇಳಿದೆ.