ಸಮುದ್ರ ಕಾಣದವರ ಲಗೂನು

ಮೊನ್ನೆ ಮಂಗಳವಾರ ಬೆಳಗ್ಗೆ ಎಂದಿನಂತೆ ಕಾಫಿಬೀಜ ಹುರಿಯುತ್ತಿದ್ದೆ. ಬೀಜ ಇನ್ನೇನು ಚಟಪಟ ಅನ್ನಬೇಕು, ಯಜಮಾನರು ಅಡುಗೆಮನೆ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲೊಂದು ಪೆನ್ಸಿಲ್, ಕಿವಿಯ ಮೇಲೆ ಇನ್ನೊಂದು.

"ಲಗೂನ್‌ಗೆ ಕನ್ನಡದಲ್ಲಿ ಏನಂತಾರೇ?"

ಬೀಜ ಹುರಿಯುವಾಗ ಕೇಳುವ ಪ್ರಶ್ನೆಯೇ ಇದು? (ಒಂದು ನಿಮಿಷ ಕೈ ನಿಂತರೆ ವಾರವಿಡೀ ಸೀದ ಕಾಫಿ.)

ಅವರ ಸಂಕಟವೂ ಸುಳ್ಳಲ್ಲ. ಹೈಸ್ಕೂಲಿನ ಭೂಗೋಳದ ಮೇಷ್ಟ್ರು ಅವರು. ಕನ್ನಡದಲ್ಲಿ ಭೂಗೋಳ ಬರೆಯುವ ಕಮಿಟಿಯೊಂದರಲ್ಲಿ ಸಮುದ್ರತೀರದ ಅಧ್ಯಾಯ ಇವರ ಪಾಲಿಗೆ ಬಂದಿದೆ. ಲಗೂನಿಗೆ ಇವರು ಕಟ್ಟಿದ ಪದವನ್ನು ಹಿರಿಯ ಪಂಡಿತರೊಬ್ಬರು ಆಗಲೇ ಎರಡು ಸಲ ತಳ್ಳಿಹಾಕಿದ್ದಾರೆ. ಅಂದು ಸಂಜೆಯ ಸಭೆಯಲ್ಲೂ ಒಪ್ಪದಿದ್ದರೆ ಅಧ್ಯಾಯ ಮಲ್ಲೇಶ್ವರದ ಮೇಷ್ಟರೊಬ್ಬರ ಕೈಗೆ. ಬಸವನಗುಡಿಯವರಾದ ನಾವು ಮಲ್ಲೇಶ್ವರದವರಿಗೆ ಸಮುದ್ರ ಬಿಟ್ಟುಕೊಡುವುದೇ?

ಲಗೂನ್ ಅನ್ನುವ ಪದದ ಜಾತಕ ನನಗೆ ಗೊತ್ತಿತ್ತು. ಕಾನ್ವೆಂಟಿನಲ್ಲಿ ನಮಗೆ ಭೂಗೋಳ ಹೇಳಿದ ಸಿಸ್ಟರ್ ಇಟಲಿಯವರು. ಲಗೂನ್ ಅವರ ಕಡೆಯ ಮಾತಂತೆ, ಲಗೂನಾ. ಅದರ ತಾಯಿ ಲ್ಯಾಟಿನ್ನಿನ ಲಕೂನಾ. ಅಂದರೆ ಗುಂಡಿ, ನಿಂತ ನೀರು. ಬಿಟ್ಟುಹೋದ ಜಾಗಕ್ಕೂ ಅದೇ ಹೆಸರು. (ನನ್ನ ಹೋಂವರ್ಕಿನ ತುಂಬ ಕೆಂಪು ಶಾಯಿಯಲ್ಲಿ ಅದೇ ಇರುತ್ತಿತ್ತು. ಹಾಗಾಗಿ ಮರೆತಿಲ್ಲ.)

"ಹೊಂಡ ಅನ್ನಿ," ಅಂದೆ.

"ಪಂಡಿತರ ಮುಂದೆ ಹೊಂಡ ಅನ್ನಲಾ? ಒಂದು ಗಾಂಭೀರ್ಯ ಬೇಡವಾ?"

ಗಾಂಭೀರ್ಯವನ್ನು ಅವರೇ ಓದಿ ತೋರಿಸಿದರು: ಅನತಿಗಭೀರತಟಪಾರ್ಶ್ವಲವಣಜಲಾಶಯ. ಹೆಚ್ಚು ಆಳವಿಲ್ಲದ, ದಡದ ಪಕ್ಕದ, ಉಪ್ಪುನೀರಿನ ಕೆರೆ ಅಂತ ಅರ್ಥ. ಜಡೆ ಹೆಣೆದುಕೊಳ್ಳುತ್ತಿದ್ದ ಮಗಳು ಅಲ್ಲಿಂದಲೇ ಅಪ್ಪನನ್ನು ಕೇಳಿದಳು, "ಅಣ್ಣಾ, ಪರೀಕ್ಷೇಲಿ ಇದಕ್ಕೆಷ್ಟು ಮಾರ್ಕು?"

"ಒಂದು."

"ಹಾಗಾದ್ರೆ ನಾನು ಬಿಟ್ಬಿಡ್ತೀನಿ."

ನೋಡಿದಿರಾ? ಲಕೂನಾ!

"ಪಕ್ಕದ ಮನೆ ಪದ್ದಮ್ಮನ ತೌರು ಕುಂದಾಪುರದ ಕಡೆ, ಸಮುದ್ರದ ಪಕ್ಕದಲ್ಲೇ. ಒಂದು ಮಾತು ಕೇಳಿ," ಅಂದೆ.

"ಹೆಂಚಿನ ಏಜೆಂಟರ ಹೆಂಡತಿ ಹತ್ರ ಭೂಗೋಳ ಕೇಳಲಾ?" ಅಂದವರೇ ಸ್ನಾನಕ್ಕೆ ಹೋದರು.

ಕಮಿಟಿಯಲ್ಲಿ ಐದು ಜನ. ಐವರಲ್ಲಿ ಒಬ್ಬರೂ ಸಮುದ್ರ ಕಂಡವರಲ್ಲ. (ನಾನೂ ಕಂಡಿಲ್ಲ. ಆದರೆ ನಾನು ಪುಸ್ತಕ ಬರೆಯುತ್ತಿಲ್ಲವಲ್ಲ.) ಅವರನ್ನು ಅಂದೇನು ಪ್ರಯೋಜನ? ಎಮ್ಮೆ ಮೀಯುವ ಕೆರೆಯನ್ನು ಕೆಂಪಾಂಬುಧಿ ಎಂದು ಕರೆದುಕೊಂಡು ಬಂದ ಊರು ನಮ್ಮದು. ಅಂಬುಧಿ ಅಂದರೆ ಸಮುದ್ರ, ಸ್ವಾಮಿ! ನೀರು ಕಮ್ಮಿಯಿದ್ದಷ್ಟೂ ಹೆಸರು ಜಾಸ್ತಿ.

ದಿನವೆಲ್ಲ ನನಗೂ ಅದೇ ಚಿಂತೆ. ಮೂರನೇ ಸಲವೂ ತಳ್ಳಿಸಿಕೊಂಡು ಬಂದರೆ ಈ ಮನುಷ್ಯ ವಾರಗಟ್ಟಲೆ ಸರಿಯಾಗಿ ಊಟ ಮಾಡುವುದಿಲ್ಲ. ಆಗ ನನ್ನ ಲ್ಯಾಟಿನ್ ಏನು ಮಾಡೀತು?

ಸಂಜೆ ಬಂದರು. ಕೊಡೆ ಬೀಸಿಕೊಂಡು ಬರುತ್ತಿದ್ದ ಠೀವಿಯಲ್ಲೇ ಗೊತ್ತಾಯಿತು, ಗೆದ್ದಿದ್ದಾರೆ.

"ಒಪ್ಪಿದರು ಕಣೇ! ಪದ ತುಸು ಚಿಕ್ಕದಾಯ್ತು ಅಂತ ನಡುವೆ ಒಂದು 'ಉಪ' ಸೇರಿಸಿದರು, ಅಷ್ಟೆ. …ತಟಪಾರ್ಶ್ವಲವಣೋಪಜಲಾಶಯ!"

ಅಷ್ಟು ಹೊತ್ತಿಗೆ ಪದ್ದಮ್ಮ ನಮ್ಮ ಒನಕೆ ವಾಪಸು ಕೊಡಲು ಬಂದರು. ಗೆಲುವಿನ ಹುರುಪಲ್ಲಿದ್ದ ನಮ್ಮ ಯಜಮಾನರು ಜಗಲಿಯ ಮೇಲೆ ನಿಂತೇ ಅವರಿಗೆ ಇಡೀ ಪದ ಹೇಳಿದರು. ಪದ್ದಮ್ಮ ಒನಕೆಯನ್ನು ಗೋಡೆಗೆ ಒರಗಿಸಿದರು.

"ಮಂತ್ರವಾ ಮೇಷ್ಟ್ರೇ?"

"ಅಲ್ಲಮ್ಮ. ಆ ಕಡೆ ಸಮುದ್ರ, ಮಧ್ಯೆ ಮರಳಿನ ದಿಬ್ಬ, ಈ ಕಡೆ ಮೊಣಕಾಲುದ್ದ ನೀರು ಅಲ್ಲಾಡದೆ ನಿಂತಿರುತ್ತಲ್ಲ, ಅದು."

"ಓ, ಅದಾ! ನಮ್ಮನೆ ಹಿಂದೆಯೇ ಇತ್ತಲ್ಲ. ತೆಂಗಿನ ಸಿಪ್ಪೆ ನೆನೆಹಾಕುತ್ತಿದ್ದೆವು. ಏನು ನಾತ ಅಂತೀರಿ!"

ಯಜಮಾನರು ಮೆಲ್ಲಗೆ ಕಿವಿಯ ಮೇಲಿನ ಪೆನ್ಸಿಲ್ ತೆಗೆದರು. "ನೀವು ಅದಕ್ಕೆ ಏನಂತ ಹೆಸರು ಹೇಳ್ತಿದ್ರಿ?"

"ಹೆಸರು ಎಂತಕ್ಕೆ ಮೇಷ್ಟ್ರೇ? ಹಿತ್ತಲು ಅಂತಿದ್ದೆವು."