ಅಪ್ಪ ಆಸ್ಪತ್ರೆಯಲ್ಲಿ ಹೊಲಿದ ಹೂವು

ಕೊಟ್ಟೂರಿನಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಮೊಬೈಲ್ ಒತ್ತುತ್ತ ಕೂರುವುದು ನನ್ನ ಕೆಟ್ಟ ಚಟ. ಹೋದ ತಿಂಗಳು ಹಾಗೆ ಕೂತಾಗ ಒಂದು ಫೋಟೊ ಕಂಡಿತು. ಹಳೆಯ ರಟ್ಟಿನ ಡಬ್ಬಿ. ಒಳಗೆ ಮರದ ರಿಂಗು, ಸೂಜಿ, ಬಣ್ಣದ ದಾರದ ಲಡಿ, ನೀಲಿ ಗೆರೆಯಲ್ಲಿ ಹೂಬುಟ್ಟಿ ಅಚ್ಚೊತ್ತಿದ ಬಿಳಿ ಬಟ್ಟೆ. ಯುದ್ಧದಲ್ಲಿ ಗಾಯಗೊಂಡು ಆಸ್ಪತ್ರೆ ಸೇರಿದವರಿಗೆ ಬೆರಳಲ್ಲಿ ಕಸುವು ಬರಲಿ, ಹೊತ್ತೂ ಹೋಗಲಿ ಎಂದು ಇಂಥ ಕಸೂತಿ ಡಬ್ಬಿ ಕೊಡುತ್ತಿದ್ದರಂತೆ. ಅಂಥದ್ದೇ ಡಬ್ಬಿ ಅಪ್ಪನ ಟ್ರಂಕಿನಲ್ಲಿತ್ತು.

ಅಪ್ಪ ಕಾನಹೊಸಹಳ್ಳಿ ಕಡೆಯ ಕುರಿ ಸಾಕುವ ಮನೆಯವನು. ಮಿಲಿಟರಿ ಸೇರುವ ಮೊದಲು ಕಂಬಳಿ ಜೋಡಿಸುವುದರಲ್ಲಿ ಎತ್ತಿದ ಕೈ. ಮಗ್ಗದಿಂದ ಕಂಬಳಿ ಎರಡು ಸೀಳಾಗಿ ಬರುತ್ತದೆ. ನಡುವಿನ ಜೋಡು ಕಾಣದ ಹಾಗೆ ದಬ್ಬಣದಿಂದ ಹೊಲಿದು ಒಂದು ಮಾಡಬೇಕು. ಯುದ್ಧದಲ್ಲಿ ಅವನ ಬಲಗೈಗೆ ಗುಂಡಿನ ಚೂರು ಹೊಕ್ಕಿತು. ತಿಂಗಳುಗಟ್ಟಲೆ ಮಿಲಿಟರಿ ಆಸ್ಪತ್ರೆಯಲ್ಲಿದ್ದು ಊರಿಗೆ ಬಂದವನು ಮತ್ತೆ ಸೂಜಿ ಮುಟ್ಟಲಿಲ್ಲ. ಚಿಕ್ಕಂದಿನಲ್ಲಿ ನಾನು ಗೊಂಬೆಯ ಲಂಗ ಹೊಲಿದುಕೊಡು ಎಂದು ಹೋದರೆ, "ನನ್ನ ಬೆರಳು ಸತ್ತಾವವ್ವ, ನಿಮ್ಮವ್ವನ್ನ ಕೇಳು" ಎನ್ನುತ್ತಿದ್ದ.

ಡಬ್ಬಿಯ ಕಥೆಯನ್ನು ಒಂದೇ ಒಂದು ಸಲ ಹೇಳಿದ್ದ, ನಗುತ್ತಾ. ನರ್ಸಮ್ಮ ಹಗುರವಾಗಿ ದಳ ತುಂಬು ಎಂದು ಕಲಿಸಿದರೆ, ಇವನು ಕಂಬಳಿ ಜೋಡಿಸುವ ಹೊಲಿಗೆಯನ್ನೇ ಹಾಕಿ ಬಿಗಿದನಂತೆ. ಬಟ್ಟೆ ಮುದುಡಿ, ಅರಳಿದ ಹೂವು ಮೊಗ್ಗಾಯಿತಂತೆ. ಆಕೆ ಹಣೆ ಚಚ್ಚಿಕೊಂಡಳಂತೆ.

ಅಪ್ಪ ಹೋಗಿ ಒಂಬತ್ತು ವರ್ಷ. ಒಂದು ಫೋಟೊ ಬಿಟ್ಟರೆ ಅವನದೆನ್ನುವುದು ನನ್ನ ಬಳಿ ಏನೂ ಇಲ್ಲ. ದಿನಕ್ಕೆ ಸಾವಿರ ಹೊಲಿಗೆ ನೋಡುವ ನನಗೆ ಅವನ ಒಂದು ಹೊಲಿಗೆ ನೋಡುವ ಆಸೆ ತಡೆಯಲಾಗಲಿಲ್ಲ. ಆ ಬೆರಳುಗಳು ನಿಜಕ್ಕೂ ಸತ್ತಿದ್ದವೇ? ಹೊಲಿಗೆ ಕಂಡರೆ ನಾನು ಹೇಳಬಲ್ಲೆ. ನನ್ನ ಕಸುಬೇ ಅದು.

ಶಟರ್ ಎಳೆದು ಮನೆಗೆ ಹೋದೆ. ಅವ್ವ ಅಲಸಂದೆ ಬಿಡಿಸುತ್ತ ಕೂತಿದ್ದಳು.

"ಯವ್ವಾ, ಅಪ್ಪನ ಆಸ್ಪತ್ರಿ ಡಬ್ಬಿ ಎಲ್ಲೈತಿ?"

"ಡಬ್ಬಿ ಗೆದ್ದಲು ತಿಂತು. ಹೂವಿನ ಬಟ್ಟಿ ನಿನ್ನ ಮದುವಿ ಕೌದ್ಯಾಗ ಐತಿ."

ಕೌದಿಯೆಂದರೆ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಪೇರಿಸಿ ಹೊಲಿದ ಹೊದಿಕೆ. ಹರಿದದ್ದೆಲ್ಲ ಅದರ ಹೊಟ್ಟೆಗೆ. ನನಗೆ ಸಿಟ್ಟು ನೆತ್ತಿಗೇರಿತು.

"ಅದೇನು ಹರಕು ಅರಿವಿ ಆಗಿತ್ತೇನು? ಅಪ್ಪನ ಕೈಕೆಲಸಾನ ಒಳಗ ತುರುಕಿ ಹೊಲದೀಯಲ್ಲ, ನಿನಗ ಬುದ್ಧಿ ಐತೇನಬೇ?"

ಅವ್ವ ತಲೆ ಎತ್ತಲಿಲ್ಲ. "ಒಳಗ ಹಾಕು ಅಂದಾವ ನಿಮ್ಮಪ್ಪನ. ಮ್ಯಾಲೆ ಹಚ್ಚಿದ್ರ ಮಂದಿ ನಗ್ತಾರ, ಒಳಗಿದ್ರ ಮಗಳಿಗೆ ಬೆಚ್ಚಗಿರತೈತಿ ಅಂದ. ಆ ಕೌದಿ ನೀ ಏನ್ ಮಾಡೀದಿ, ಅದನ್ನ ಹೇಳು."

ಹದಿನಾಲ್ಕು ವರ್ಷದ ಹಿಂದೆ ಅಂಗಡಿ ತೆರೆದಾಗ ಇಸ್ತ್ರಿ ಮೇಜಿಗೆ ಮೆತ್ತೆ ಬೇಕಿತ್ತು. ಆ ಕೌದಿಯನ್ನೇ ಮೇಜಿನ ಅಳತೆಗೆ ಕತ್ತರಿಸಿ ಹಾಸಿ, ಮೇಲೆ ದಪ್ಪ ಬಟ್ಟೆ ಬಿಗಿದು ಮೊಳೆ ಹೊಡೆದಿದ್ದೆ. ಅಂದಿನಿಂದ ಅದರ ಮೇಲೆ ಊರವರ ಜಂಪರು, ಅಂಗಿಗಳಿಗೆ ಕಾದ ಇಸ್ತ್ರಿ ತಿಕ್ಕುತ್ತಿದ್ದೇನೆ. ಅಪ್ಪ ಎಷ್ಟೋ ಸಲ ಬಂದು ಆ ಮೇಜಿನ ಪಕ್ಕದಲ್ಲೇ ಕೂತು ಚಹಾ ಕುಡಿದಿದ್ದ.

"ಅಪ್ಪಗ ಗೊತ್ತಿತ್ತೇನು?"

"ಗೊತ್ತಿತ್ತು. ಹೇಳಬ್ಯಾಡ ಅಂದ. ಅಕಿ ಕೆಲಸಕ್ಕ ಬರಾಕತ್ತೈತಲ್ಲ, ಸಾಕು ಬಿಡು ಅಂದ."

ಅಂಗಡಿಗೆ ವಾಪಸು ಓಡಿದೆ. ಮೊಳೆ ಕಿತ್ತೆ. ಅವ್ವನ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿದೆ. ಮೂರನೆಯ ಪದರದಲ್ಲಿ ಆ ಬಟ್ಟೆ ಸಿಕ್ಕಿತು. ಹೂಬುಟ್ಟಿಯ ಅರ್ಧ ನನ್ನ ಕತ್ತರಿಗೇ ಹೋಗಿತ್ತು. ಉಳಿದದ್ದು ಕಂದಿ ಚಹಾದ ಬಣ್ಣಕ್ಕೆ ತಿರುಗಿತ್ತು, ಒಂದು ಹೂವು ಮಾತ್ರ ಇಡಿಯಾಗಿತ್ತು.

ಮೊದಲ ದಳದಲ್ಲಿ ಹೊಲಿಗೆ ಕುಡಿದವನ ಹೆಜ್ಜೆ. ಒಂದೇ ಕಡೆ ಮೂರು ಸಲ ಸೂಜಿ ಚುಚ್ಚಿದ ತೂತುಗಳು, ಒಣಗಿದ ರಕ್ತದ ಚುಕ್ಕೆ. ಎರಡನೆಯದರಲ್ಲಿ ಕೈ ಸ್ವಲ್ಪ ಹತೋಟಿಗೆ ಬಂದಿತ್ತು. ಐದನೆಯ ದಳಕ್ಕೆ ಬರುವಷ್ಟರಲ್ಲಿ ಹೊಲಿಗೆಗಳು ಒಂದೇ ಅಳತೆ, ಒಂದೇ ಬಿಗಿ, ಕಂಬಳಿಯ ಹೊಲಿಗೆಯೇ. ತಿರುವಿ ನೋಡಿದೆ, ಗಂಟು ಕಾಣಲಿಲ್ಲ. ಇಷ್ಟು ವರ್ಷ ಕಸುಬು ಮಾಡಿಯೂ ನನಗೆ ಅಂಥ ಹೊಲಿಗೆ ಬಂದಿಲ್ಲ.

ಬೆರಳು ಸತ್ತಿರಲಿಲ್ಲ. ಯಾಕೆ ಹಾಗೆ ಹೇಳಿದ, ಯುದ್ಧದಲ್ಲಿ ಏನು ಕಂಡು ಬಂದಿದ್ದ, ಅವ್ವನಿಗೂ ಗೊತ್ತಿಲ್ಲ. ಅಪ್ಪ ಬೇಕೆನಿಸಿತು, ಜೋರಾಗಿ ಅತ್ತೆ. ಅವನು ಅಂಗಡಿಗೆ ಬಂದಾಗಲೆಲ್ಲ ಗುಂಡಿ ಹಚ್ಚಬೇಕಾದ ಅಂಗಿಗಳ ರಾಶಿ ನನ್ನ ಮುಂದೆ ಇರುತ್ತಿತ್ತು, ಅವನು ಚಹಾದ ಲೋಟ ಹಿಡಿದು ಅದನ್ನೇ ನೋಡುತ್ತ ಕೂತಿರುತ್ತಿದ್ದ. ಒಂದು ಗುಂಡಿ ಹಚ್ಚಿಕೊಡಪ್ಪಾ ಎಂದು ನಾನು ಒಮ್ಮೆಯೂ ಕೇಳಲಿಲ್ಲ.